ಕಾಲ್ ಕಟ್ ಆಗುವ ತಲೆಬಿಸಿ, ಬಿಟ್ಟಿಯಾಗಿ ಮಾಡಿಕೊಳ್ಳಬಹುದಾದ ಎರಡನೇ ದಾರಿ

ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅಮ್ಮ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ. ಭಾನುವಾರ ರಾತ್ರಿ ಎಂಟು ಗಂಟೆಗೆ ಇಬ್ಬರೂ ಮಾತಾಡುವುದು ಬಹಳ ವರ್ಷದ ರೂಢಿ. ಅದರಲ್ಲಿ ಕಾಲು ಭಾಗ "ಕೇಳ್ತಾ ಇದ್ಯಾ? ಈಗ ಕೇಳ್ತಾ? ಹಲೋ?" ಎನ್ನುವುದರಲ್ಲೇ ಕಳೆದುಹೋಗುತ್ತದೆ. ಅದಕ್ಕೆ ನಾವು ಒಗ್ಗಿಹೋಗಿದ್ದೆವು.

ಒಮ್ಮೆ ಅಕ್ಕ ಅಲ್ಲಿನ ಫೋನ್ ನಂಬರ್ ಬದಲಾಯಿಸಿದಳು. ಅದೇ ವಾರ ಅವಳ ಹಳೇ ಫೋನ್ ನೀರಿಗೆ ಬಿತ್ತು. ಹೊಸ ಫೋನಿನಲ್ಲಿ ಕಾಲಿಂಗ್ ಆಪ್ ಹಾಕಿದರೆ ಒಟಿಪಿ ಹಳೇ ನಂಬರಿಗೆ ಹೋಗುತ್ತದೆ. ಆ ನಂಬರ್ ಅವಳ ಕೈಯಲ್ಲಿಲ್ಲ. ಸಹಾಯ ಕೇಳಿ ಬರೆದರೆ ಯಂತ್ರದ ಉತ್ತರ, ಮತ್ತೆ ಬರೆದರೆ ಅದೇ ಉತ್ತರ. ಹನ್ನೊಂದು ದಿನ ಹೀಗೇ ಹೋಯಿತು. ಇತ್ತ ಅಮ್ಮ, "ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು" ಅಂತ ಊಟ ಸರಿಯಾಗಿ ಮಾಡದೆ ಕೂತಿದ್ದರು.

ಅವತ್ತು ನನಗೆ ಹೊಳೆದದ್ದು ಇಷ್ಟೇ. ಮನೆಗೆ ಮುಂಬಾಗಿಲು ಇದ್ದ ಹಾಗೆ ಹಿತ್ತಿಲ ಬಾಗಿಲೂ ಇರುತ್ತದಲ್ಲ, ಮಾತಿಗೂ ಹಾಗೇ ಇನ್ನೊಂದು ದಾರಿ ಬೇಕು. ಅದು ಅದೇ ಕಂಪನಿಯದ್ದಾಗಿರಬಾರದು, ಅದೇ ಫೋನ್ ನಂಬರಿಗೆ ಕಟ್ಟಿದ್ದೂ ಆಗಿರಬಾರದು. ಕಂಪನಿ ಎಷ್ಟೇ ದೊಡ್ಡದಿರಲಿ. ಸ್ಕೈಪ್ ನೆನಪಿದೆಯಲ್ಲ? 2003ರಲ್ಲಿ ಶುರುವಾಯಿತು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರಿಗೆ ಕೊಂಡಿತು. ಮಕ್ಕಳು ವಿದೇಶದಲ್ಲಿದ್ದ ಮನೆಗಳಲ್ಲಿ ವಿಡಿಯೊ ಕಾಲ್‌ಗೆ ಹೆಸರೇ "ಸ್ಕೈಪ್ ಮಾಡೋದು" ಎಂದಾಗಿತ್ತು. 2025ರ ಮೇ 5ಕ್ಕೆ ಅದರ ಬಾಗಿಲು ಹಾಕಿದರು.

ನಾನು ನಮ್ಮ ಮನೆಗೆ ಮಾಡಿಕೊಂಡ ಏರ್ಪಾಡನ್ನು ಇಲ್ಲಿ ಬರೆದಿದ್ದೇನೆ. ಆಪ್‌ಗಳೆಲ್ಲ ಬಿಟ್ಟಿ, ಎಲ್ಲವೂ ನೀವೇ ಮಾಡಬಹುದಾದದ್ದು. ಪ್ರೋಗ್ರಾಮಿಂಗ್ ಬರಬೇಕಿಲ್ಲ. ಒಂದು ಭಾನುವಾರ ಮಧ್ಯಾಹ್ನ ಕೈಯಲ್ಲಿದ್ದರೆ ಸಾಕು.

ಮೊದಲು, ತಪ್ಪು ಯಾರದ್ದು ಅಂತ ನೋಡಿ

ಕಾಲ್ ಕೆಟ್ಟಾಗ ನಾವು ಬೈಯುವುದು ಆಪನ್ನು. ನಮ್ಮ ಮನೆಯಲ್ಲಿ ಪರೀಕ್ಷೆ ಮಾಡಿದಾಗ ಹೆಚ್ಚಿನ ಸಲ ತಪ್ಪು ಇದ್ದದ್ದು ವೈಫೈಯಲ್ಲಿ. ಹಾಗಾಗಿ ಹೊಸ ಆಪ್ ಹುಡುಕುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಇಲ್ಲದಿದ್ದರೆ ಹೊಸ ಆಪಿನಲ್ಲೂ ಅದೇ ಗೋಳು.

ಲ್ಯಾಪ್‌ಟಾಪನ್ನು ಅಮ್ಮ ಕೂತು ಮಾತಾಡುವ ಜಾಗದಲ್ಲೇ ಇಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ರೂಟರಿನ ವಿಳಾಸ ಹಾಕಿ. ಸಾಮಾನ್ಯವಾಗಿ ಅದು 192.168.1.1 ಇರುತ್ತದೆ, ರೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ನೋಡಬಹುದು. ಮತ್ತೆ ಒಂದು ಜಾಗ ಬಿಟ್ಟು ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿದಂತೆ ಟಿ ಅಕ್ಷರ. ಎಂಟರ್ ಒತ್ತಿ. ಲ್ಯಾಪ್‌ಟಾಪ್ ರೂಟರಿಗೆ ಸಣ್ಣ ಸಂದೇಶ ಕಳಿಸುತ್ತಾ ಹೋಗುತ್ತದೆ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಸಾಲು ಸಾಲಾಗಿ ಮಿಲಿಸೆಕೆಂಡಿನ ಲೆಕ್ಕ ಬರತೊಡಗುತ್ತದೆ. ನಿಲ್ಲಿಸಲು ಕಂಟ್ರೋಲ್ ಹಿಡಿದು ಸಿ ಒತ್ತಿ.

ಮನೆಯ ರೂಟರಿಗೆ ಹೋಗಿ ಬರಲು ಐದೋ ಹತ್ತೋ ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕಾಗಬಾರದು. ಅದೇ 3, 4, 180, 5, 240 ಅಂತ ಕುಣಿಯುತ್ತಿದ್ದರೆ, ನಡುವೆ "ಟೈಮ್ಡ್ ಔಟ್" ಎಂದು ಬರುತ್ತಿದ್ದರೆ, ತಪ್ಪು ನಿಮ್ಮ ಮನೆಯೊಳಗೇ ಇದೆ. ಯಾವ ಆಪ್ ಹಾಕಿದರೂ ಮಾತು ತುಂಡು ತುಂಡಾಗುತ್ತದೆ. ನಮ್ಮದು ಹಳೇ ಮನೆ, ಮಣ್ಣಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ರೂಟರ್ ಜಗಲಿಯಲ್ಲಿತ್ತು, ಅಮ್ಮ ಮಾತಾಡುತ್ತಿದ್ದದ್ದು ಅಡುಗೆಮನೆಯಿಂದ. ನಡುವೆ ಮೂರು ಗೋಡೆ. ರೂಟರನ್ನು ನಡುಮನೆಗೆ ತಂದೆ, ಅದಕ್ಕೆ ಬೇಕಾದ ಕೇಬಲಿಗೆ ಇನ್ನೂರು ಚಿಲ್ಲರೆ ರೂಪಾಯಿ ಆಯಿತು. ಅರ್ಧ ರೋಗ ಅಲ್ಲಿಗೇ ವಾಸಿ.

ದಪ್ಪ ಗೋಡೆಯ ಮನೆಯಲ್ಲಿ ಫೋನನ್ನು ರೂಟರಿನ 2.4 ಗಿಗಾಹರ್ಟ್ಸ್ ವೈಫೈ ಹೆಸರಿಗೆ ಜೋಡಿಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ಮಾತಿಗೆ ವೇಗ ಬೇಕಾಗಿಲ್ಲ. ಫ್ಲ್ಯಾಟಿನಲ್ಲಿದ್ದರೆ ಇದಕ್ಕೆ ಉಲ್ಟಾ. ಅಕ್ಕಪಕ್ಕದ ಎಲ್ಲರ ರೂಟರೂ 2.4ರಲ್ಲಿ ಕಚ್ಚಾಡುತ್ತಿರುತ್ತವೆ, ಅಲ್ಲಿ 5 ಒಳ್ಳೆಯದು.

ರೂಟರ್ ಸರಿಯಿದ್ದರೆ ಇದೇ ಪಿಂಗನ್ನು 8.8.8.8 ಎಂಬ ಗೂಗಲ್ ವಿಳಾಸಕ್ಕೆ ಮಾಡಿ. ಇಲ್ಲಿ ಕುಣಿದರೆ ತಪ್ಪು ಇಂಟರ್ನೆಟ್ ಕೊಟ್ಟವರದ್ದು, ಅಥವಾ ಮನೆಯಲ್ಲೇ ಯಾರೋ ಲೈನ್ ತುಂಬಿಸುತ್ತಿದ್ದಾರೆ. ಎರಡನೆಯದನ್ನು ಮೊದಲು ನೋಡಿ. ಮದುವೆ ಮನೆಯಿಂದ ಬಂದ ದಿನ ಫೋನ್ ತನ್ನಷ್ಟಕ್ಕೇ ನಾನೂರು ಫೋಟೊ ಬ್ಯಾಕಪ್ ಮಾಡುತ್ತಿರುತ್ತದೆ. ನಿಮ್ಮ ಮಾತು ಆ ಫೋಟೊಗಳ ಹಿಂದೆ ಕ್ಯೂ ನಿಲ್ಲುತ್ತದೆ.

ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಮಾತಿಗೆ ಬೇಕಾದ ಡೇಟಾ ಬಹಳ ಕಡಿಮೆ. ಈಗಿನ ಹೆಚ್ಚಿನ ಆಪ್‌ಗಳು ಬಳಸುವ ಓಪಸ್ ಎಂಬ ಕೋಡೆಕ್‌ಗೆ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನಕ್ಕೆ) ಸೆಕೆಂಡಿಗೆ 32 ಕಿಲೋಬಿಟ್ ಕೊಟ್ಟರೆ ಧ್ವನಿ ಸ್ಪಷ್ಟ. ಗಂಟೆಗೆ ಅದು ಸುಮಾರು 14 ಎಂಬಿ. ಡೇಟಾ ಹೋಗುವ ಸಣ್ಣ ಪೊಟ್ಟಣಗಳ, ಅಂದರೆ ಪ್ಯಾಕೆಟ್‌ಗಳ ಮೇಲ್ಖರ್ಚು ಸೇರಿ, ಹೋಗುವುದು ಬರುವುದು ಎರಡೂ ಸೇರಿ, 45 ಎಂಬಿ ದಾಟುವುದಿಲ್ಲ. ಅಂದರೆ ತಿಂಗಳಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟು 100 ಎಂಬಿಪಿಎಸ್ ಪ್ಲಾನ್ ಹಾಕಿಸಿದರೆ ಕಾಲ್ ಸುಧಾರಿಸುತ್ತದೆ ಎನ್ನುವುದು ಸುಮ್ನೆ ಮಾತು. ಮಾತಿಗೆ ಬೇಕಾದದ್ದು ಅಗಲವಾದ ರಸ್ತೆ ಅಲ್ಲ, ಗುಂಡಿ ಇಲ್ಲದ ರಸ್ತೆ.

ವಿಳಂಬದ ಬಗ್ಗೆ ಒಂದು ಮಾತು. ಒಂದು ಕಡೆಯ ಧ್ವನಿ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಎದುರುಬದುರು ಮಾತಾಡಿದ ಹಾಗೇ ಇರುತ್ತದೆ. ಆದರೆ ಗಾಜಿನ ನೂಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಮಾತ್ರ ಓಡುತ್ತದೆ. ಅಮೆರಿಕಕ್ಕೆ ಹದಿಮೂರು ಹದಿನಾಲ್ಕು ಸಾವಿರ ಕಿಲೋಮೀಟರ್, ಕೇಬಲ್ ನೇರವಾಗಿ ಹೋಗುವುದೂ ಇಲ್ಲ. ಹಾಗಾಗಿ ಅಕ್ಕನೂ ಅಮ್ಮನೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, "ನೀನೇ ಹೇಳು" ಅನ್ನುವುದು ಯಾವ ಆಪಿನ ತಪ್ಪೂ ಅಲ್ಲ. ಅದಕ್ಕೆ ಮದ್ದಿಲ್ಲ.

ಪ್ರತಿಧ್ವನಿಯ ವಿಷಯದಲ್ಲಿ ಎಲ್ಲರೂ ತಪ್ಪಾಗಿ ತಿಳಿಯುತ್ತಾರೆ. ನಿಮ್ಮ ಧ್ವನಿಯೇ ನಿಮಗೆ ವಾಪಸ್ ಕೇಳಿಸುತ್ತಿದ್ದರೆ ಕೆಟ್ಟಿರುವುದು ನಿಮ್ಮ ಫೋನಲ್ಲ, ಎದುರಿನವರದ್ದು. ಅವರ ಸ್ಪೀಕರಿನಿಂದ ಬಂದ ನಿಮ್ಮ ಮಾತನ್ನು ಅವರ ಮೈಕ್ ಮತ್ತೆ ಹಿಡಿಯುತ್ತಿದೆ. ಅವರಿಗೆ ಸ್ಪೀಕರ್ ಆರಿಸಲು ಹೇಳಿ, ಅಥವಾ ಇಯರ್‌ಫೋನ್ ಹಾಕಲು ಹೇಳಿ. ನಮ್ಮ ಅಮ್ಮ ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಇಡುತ್ತಿದ್ದರು. ಡಬ್ಬಿ ತೆಗೆದು ಮರದ ಮಣೆಗೆ ಒರಗಿಸಿದ ಮೇಲೆ ಅಕ್ಕನ ದೂರು ನಿಂತಿತು.

ವೈಫೈ ಕಾಲಿಂಗ್: ಇದನ್ನು ಇವತ್ತೇ ಆನ್ ಮಾಡಿ

ಮೊಬೈಲ್ ಸಿಗ್ನಲ್ ಇಲ್ಲ, ಮನೆಯಲ್ಲಿ ಫೈಬರ್ ಇದೆ. ಮಲೆನಾಡಿನಲ್ಲಿ ಇದು ಮಾಮೂಲು ಸ್ಥಿತಿ. ಇಂಥವರು ಬೇರೆ ಏನನ್ನೂ ಮಾಡುವ ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂಬಲ್ಲಿ "ವೈಫೈ ಕಾಲಿಂಗ್" ಆನ್ ಮಾಡಬೇಕು. ಜಿಯೊ, ಏರ್‌ಟೆಲ್ ಎರಡರಲ್ಲೂ ಇದೆ. ಬೇರೆ ಆಪ್ ಬೇಡ, ಬೇರೆ ದುಡ್ಡಿಲ್ಲ. ನಿಮ್ಮ ಮಾಮೂಲಿ ನಂಬರಿನ ಕರೆಯೇ ವೈಫೈ ಮೂಲಕ ಹೋಗುತ್ತದೆ. ಬ್ಯಾಂಕಿನವರು, ಆಸ್ಪತ್ರೆಯವರು, ಗ್ಯಾಸಿನವರು ಯಾರು ಫೋನ್ ಮಾಡಿದರೂ ಸಿಗುತ್ತೀರಿ. ಇದು ಬಂದು ಐದಾರು ವರ್ಷವಾಯಿತು. ಆದರೂ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರನ್ನು ಈಗಲೂ ನೋಡುತ್ತೇನೆ, ಅವರ ಮನೆಯಲ್ಲೇ ವೈಫೈ ಇರುತ್ತದೆ.

ಆದರೆ ಇದು ಸಿಮ್‌ನ ಕರೆಯೇ. ವಿದೇಶಕ್ಕೆ ಮಾಡಿದರೆ ವಿದೇಶದ ದರವೇ ಬೀಳುತ್ತದೆ.

ಲಿಂಕ್ ಒತ್ತಿದರೆ ಸಾಕು: ಜಿಟ್ಸಿ

ಮೂರು ಜನ, ಐದು ಜನ ಸೇರಿ ಮಾತಾಡಬೇಕು ಅಂದುಕೊಳ್ಳಿ. ಜೂಮ್‌ನ ಬಿಟ್ಟಿ ಖಾತೆಯಲ್ಲಿ ನಲವತ್ತು ನಿಮಿಷಕ್ಕೆ ಕತ್ತರಿ. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ದರೆ ಒಂದು ಗಂಟೆ. ನಲವತ್ತು ನಿಮಿಷ ಅಂದರೆ ನಮ್ಮ ಚಿಕ್ಕಮ್ಮ ಆರೋಗ್ಯ ವಿಚಾರಿಸಿ ಮುಗಿಸುವಷ್ಟು.

ಜಿಟ್ಸಿ ಮೀಟ್‌ನಲ್ಲಿ ಈ ಕತ್ತರಿ ಇಲ್ಲ. ಇದು ಓಪನ್ ಸೋರ್ಸ್, ಅಂದರೆ ಇದರ ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದಾದದ್ದು, ಬಳಸಬಹುದಾದದ್ದು. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಮಿಲ್ ಇವೋವ್ ಶುರುಮಾಡಿದ ಯೋಜನೆಯಿಂದ ಬೆಳೆದದ್ದು. ಬ್ರೌಸರಿನಲ್ಲಿ ಮೀಟ್ ಡಾಟ್ ಜಿಟ್ ಡಾಟ್ ಎಸ್‌ಐ ಎಂಬ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಕೋಣೆಗೆ ಒಂದು ಹೆಸರು ಕೊಡಿ. ಒತ್ತಿ ಒಳಗೆ ಹೋಗಿ. ಆ ಲಿಂಕನ್ನು ಉಳಿದವರಿಗೆ ಕಳಿಸಿ. ಅಷ್ಟೇ.

ಮೊದಲು ಯಾರೂ ಲಾಗಿನ್ ಆಗಬೇಕಿರಲಿಲ್ಲ. 2023ರ ಆಗಸ್ಟ್‌ನಿಂದ ಒಂದು ನಿಯಮ ಬಂದಿದೆ: ಕೋಣೆ ತೆರೆಯುವ ಒಬ್ಬರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಬೇಕು. ಉಳಿದವರಿಗೆ ಏನೂ ಬೇಡ. ನಮ್ಮ ಮನೆಯಲ್ಲಿ ಲಾಗಿನ್ ಆಗುವವನು ನಾನು. ಅಮ್ಮ ಲಿಂಕ್ ಒತ್ತುತ್ತಾರೆ. ಫೋನಿನಲ್ಲಾದರೆ "ಆಪ್ ಹಾಕಿಕೊಳ್ಳಿ" ಎಂದು ಕೇಳುತ್ತದೆ. ಹಾಕಿದರೂ ಆಯಿತು, ಬ್ರೌಸರಿನಲ್ಲೇ ಹೋದರೂ ಆಯಿತು.

ಕೋಣೆಯ ಹೆಸರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಫ್ಯಾಮಿಲಿ" ಅಂತ ಇಟ್ಟರೆ ಅದೇ ಹೆಸರನ್ನು ಇನ್ಯಾರೋ ಬರೆದು ನಿಮ್ಮ ಕೋಣೆಗೆ ಬಂದುಬಿಡಬಹುದು. ಮನೆಯವರಿಗೆ ಮಾತ್ರ ನೆನಪಿರುವ ನಾಲ್ಕೈದು ಪದ ಜೋಡಿಸಿ. ನಮ್ಮದರಲ್ಲಿ ಸತ್ತುಹೋದ ನಾಯಿಯ ಹೆಸರು, ಬಾವಿಯ ಹತ್ತಿರದ ಮರ, ಅಜ್ಜಯ್ಯನ ಸೈಕಲ್ಲಿನ ಬಣ್ಣ ಎಲ್ಲ ಇವೆ. ಒಳಗೆ ಹೋದ ಮೇಲೆ ಸೆಕ್ಯುರಿಟಿ ಗುರುತು ಒತ್ತಿ ಪಾಸ್‌ವರ್ಡ್ ಹಾಕಬಹುದು, ಅಥವಾ "ಲಾಬಿ" ಆನ್ ಮಾಡಿದರೆ ಬಂದವರು ಹೊರಗೆ ಕಾಯುತ್ತಾರೆ, ನೀವು ಬಿಟ್ಟರೆ ಒಳಗೆ.

ಒಮ್ಮೆ ಹೆಸರು ಗಟ್ಟಿಯಾದ ಮೇಲೆ ಅದೇ ಲಿಂಕನ್ನು ಅಮ್ಮನ ಫೋನಿನ ಮುಖಪುಟದಲ್ಲಿ ಅಂಟಿಸಿಬಿಡಿ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ "ಆಡ್ ಟು ಹೋಮ್ ಸ್ಕ್ರೀನ್" ಎಂದರೆ ಆಯಿತು. ಅವರಿಗೆ ಅದು ಒಂದು ಗುಂಡಿ. ಮೊದಲ ಸಲ ಮೈಕ್, ಕ್ಯಾಮೆರಾಗೆ ಅನುಮತಿ ಕೇಳುತ್ತದೆ, ಆಗ ನೀವು ಪಕ್ಕದಲ್ಲಿರಿ. ಅವಸರದಲ್ಲಿ "ಬೇಡ" ಒತ್ತಿಬಿಟ್ಟರೆ ಆಮೇಲೆ ಸರಿಮಾಡುವುದು ಫೋನಿನಲ್ಲಿ ಹೇಳಿಕೊಡುವಂಥ ಕೆಲಸವಲ್ಲ. ಒಬ್ಬರ ಮಾತು ಕೇಳಿಸುತ್ತದೆ, ಇನ್ನೊಬ್ಬರದ್ದು ಇಲ್ಲ ಎನ್ನುವ ದೂರು ಬಂದರೆ ನಾನು ಮೊದಲು ನೋಡುವುದು ಈ ಮೈಕ್ ಅನುಮತಿಯನ್ನೇ.

ಲೈನ್ ಸೊರಗಿದಾಗ ಮೊದಲು ವಿಡಿಯೊ ಆರಿಸಿ. ಮುಖ ಆಮೇಲೆ ನೋಡಬಹುದು.

ಜಿಟ್ಸಿಯ ಕೊರತೆ ಒಂದೇ, ಆದರೆ ದೊಡ್ಡದು. ಅದು ಫೋನಿನ ಹಾಗೆ ರಿಂಗ್ ಆಗುವುದಿಲ್ಲ. ಇಬ್ಬರೂ ಹೇಳಿಕೊಂಡ ಹೊತ್ತಿಗೆ ಕೋಣೆಗೆ ಬರಬೇಕು. ಭಾನುವಾರ ಎಂಟು ಗಂಟೆಗೆ ಸರಿ. ಬುಧವಾರ ಮಧ್ಯರಾತ್ರಿ ಅರ್ಜೆಂಟಾದರೆ ಏನು ಮಾಡುವುದು?

ರಿಂಗ್ ಆಗಬೇಕಾದರೆ: ಲಿನ್‌ಫೋನ್

ಇದಕ್ಕೆ ಸಿಪ್ ಎಂಬ ಹಳೇ ಪದ್ಧತಿ ಇದೆ. ಇವತ್ತಿನ ರೂಪದಲ್ಲಿ 2002ರಿಂದ ಇದೆ. ಆಫೀಸುಗಳ ಇಂಟರ್ನೆಟ್ ಫೋನುಗಳು ಹೆಚ್ಚಾಗಿ ನಡೆಯುವುದು ಇದರಲ್ಲೇ. ಇಮೇಲ್ ಇದ್ದ ಹಾಗೆ ಒಂದು ವಿಳಾಸ ಸಿಗುತ್ತದೆ, ಮೊದಲು ನಿಮ್ಮ ಹೆಸರು, ಆಮೇಲೆ @ ಗುರುತು, ಆಮೇಲೆ ಸೇವೆಯ ಹೆಸರು. ಆ ವಿಳಾಸಕ್ಕೆ ಕರೆ ಮಾಡಿದರೆ ಫೋನ್ ರಿಂಗ್ ಆಗುತ್ತದೆ. ವಿಳಾಸ ಒಂದು ಕಡೆ, ಆಪ್ ಇನ್ನೊಂದು ಕಡೆ. ಆಪ್ ಹಿಡಿಸದಿದ್ದರೆ ಬೇರೆ ಆಪಿಗೆ ಅದೇ ವಿಳಾಸ ಹಾಕಿಕೊಳ್ಳಬಹುದು. ಈ ಸ್ವಾತಂತ್ರ್ಯ ಈಗಿನ ಜನಪ್ರಿಯ ಕಾಲಿಂಗ್ ಆಪ್‌ಗಳಲ್ಲಿ ಇಲ್ಲ.

ಲಿನ್‌ಫೋನ್ ಫ್ರಾನ್ಸಿನವರದ್ದು, 2001ರಿಂದ ಇದೆ, ಓಪನ್ ಸೋರ್ಸ್. ಆಪ್ ಬಿಟ್ಟಿ, ಖಾತೆಯೂ ಬಿಟ್ಟಿ. ನಾನು ಮಾಡಿದ ಕ್ರಮ ಹೀಗೆ.

ಮೊದಲು ಕಂಪ್ಯೂಟರಿನಲ್ಲಿ ಲಿನ್‌ಫೋನ್ ಜಾಲತಾಣಕ್ಕೆ ಹೋಗಿ ಇಮೇಲ್ ಕೊಟ್ಟು ಎರಡು ಖಾತೆ ಮಾಡಿದೆ, ಒಂದು ಅಮ್ಮನಿಗೆ, ಒಂದು ಅಕ್ಕನಿಗೆ. ಫೋನ್ ನಂಬರ್ ಕೊಡುವ ದಾರಿಯನ್ನು ಬೇಕಂತಲೇ ಬಿಟ್ಟೆ. ನಾವು ಓಡಿಬಂದದ್ದೇ ಆ ನಂಬರಿನ ಕಾಟದಿಂದ ತಾನೇ? ಇಮೇಲ್‌ಗೆ ಬಂದ ಕೋಡ್ ಹಾಕಿದರೆ ಖಾತೆ ತಯಾರು. ಹೆಸರನ್ನು ಚಿಕ್ಕದಾಗಿ, ಫೋನಿನಲ್ಲಿ ಓದಿ ಹೇಳಿದರೆ ತಪ್ಪಾಗದ ಹಾಗೆ ಇಡಿ.

ಆಮೇಲೆ ಅಮ್ಮನ ಫೋನಿಗೆ ಪ್ಲೇ ಸ್ಟೋರಿನಿಂದ ಲಿನ್‌ಫೋನ್ ಹಾಕಿ ಲಾಗಿನ್ ಮಾಡಿದೆ. ಮೈಕ್, ಕಾಂಟ್ಯಾಕ್ಟ್, ನೋಟಿಫಿಕೇಶನ್ ಮೂರಕ್ಕೂ ಅನುಮತಿ. ಅಕ್ಕನ ವಿಳಾಸವನ್ನು "ಅಕ್ಕ ಎರಡನೇ ಫೋನು" ಅಂತ ಸೇವ್ ಮಾಡಿದೆ.

ಮೂರನೆಯ ಕೆಲಸವನ್ನೇ ಎಲ್ಲರೂ ಮರೆಯುವುದು. ಆಂಡ್ರಾಯ್ಡ್ ಫೋನುಗಳು, ಅದರಲ್ಲೂ ಕಡಿಮೆ ಬೆಲೆಯವು, ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿಂದೆ ಓಡುವ ಆಪ್‌ಗಳನ್ನು ಕೊಂದುಹಾಕುತ್ತವೆ. ಆಮೇಲೆ ಕರೆ ಬಂದರೂ ರಿಂಗ್ ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಲಿನ್‌ಫೋನ್ ಆಪ್ ಹುಡುಕಿ, ಬ್ಯಾಟರಿ ಎಂಬಲ್ಲಿ "ಅನ್‌ರಿಸ್ಟ್ರಿಕ್ಟೆಡ್" ಮಾಡಿ. "ಆಟೊ ಸ್ಟಾರ್ಟ್" ಎಂಬುದು ಇದ್ದರೆ ಅದನ್ನೂ ಆನ್ ಮಾಡಿ. ಆಮೇಲೆ ಫೋನಿನ ಪರದೆ ಆರಿಸಿ, ಒಂದು ಗಂಟೆ ಮುಟ್ಟದೆ ಬಿಟ್ಟು, ಇನ್ನೊಂದು ಕಡೆಯಿಂದ ಕರೆ ಮಾಡಿ ನೋಡಿ. ಪಕ್ಕದಲ್ಲಿ ಕೂತು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ನಿದ್ದೆ ಹೋದ ಫೋನ್ ಏಳುತ್ತದಾ ಎನ್ನುವುದೇ ನಿಜವಾದ ಪರೀಕ್ಷೆ. ನಮ್ಮಲ್ಲಿ ಮೊದಲ ಸಲ ಏಳಲಿಲ್ಲ.

ಗುಟ್ಟಾಗಿ ಮಾತಾಡುವುದಿದ್ದರೆ ಕಾಲ್ ಸೆಟ್ಟಿಂಗಿನಲ್ಲಿ ಮೀಡಿಯಾ ಎನ್‌ಕ್ರಿಪ್ಶನ್ ಎಂಬುದನ್ನು ಝಡ್‌ಆರ್‌ಟಿಪಿ ಮಾಡಬಹುದು. ಮೊದಲ ಕರೆಯಲ್ಲಿ ಇಬ್ಬರ ಪರದೆಯ ಮೇಲೂ ನಾಲ್ಕು ಅಕ್ಷರ ಬರುತ್ತವೆ. ಪರಸ್ಪರ ಓದಿ ಹೇಳಿ, ಹೊಂದಿಕೆಯಾದರೆ ನಡುವೆ ಯಾರೂ ಕದ್ದು ಕೇಳುತ್ತಿಲ್ಲ ಎಂದು ಅರ್ಥ. ಅಮ್ಮ ಆ ಅಕ್ಷರಗಳನ್ನು ಲಾಟರಿ ನಂಬರ್ ಓದಿದ ಹಾಗೆ ಓದಿದರು.

ಸಿಗ್ನಲ್ ಆಪ್ ಯಾಕಲ್ಲ ಎಂದು ಕೇಳಬಹುದು. ಒಳ್ಳೆಯ ಆಪ್, ನಾನೂ ಬಳಸುತ್ತೇನೆ. ಆದರೆ ಖಾತೆ ತೆರೆಯಲು ಫೋನ್ ನಂಬರ್ ಬೇಕೇ ಬೇಕು, ಅದರಿಂದ ಇಲ್ಲಿ ಉಪಯೋಗ ಕಡಿಮೆ. ಜಾಮಿ ಎಂಬ ಇನ್ನೊಂದಿದೆ, ಅದಕ್ಕೆ ನಂಬರೂ ಬೇಡ, ಇಮೇಲೂ ಬೇಡ, ನಡುವೆ ಯಾರ ಖಾತೆಯೂ ಇಲ್ಲ, ಫೋನಿನಿಂದ ಫೋನಿಗೆ ನೇರ. ಕೇಳಲು ಚೆಂದ. ಅಮ್ಮನ ಫೋನಿನಲ್ಲಿ ಹಾಕಿ ಎರಡು ವಾರದಲ್ಲಿ ಕೈಬಿಟ್ಟೆ, ಬ್ಯಾಟರಿ ಕುಡಿಯಿತು. ನಿಮ್ಮದು ಒಳ್ಳೆಯ ಫೋನಾದರೆ ನೋಡಿ.

ಮನೆಯಿಂದ ಪಂಪ್‌ಶೆಡ್ಡಿಗೆ: ಮಂಬಲ್

ಇದು ನನಗೆ ಬಹಳ ಇಷ್ಟವಾದ ಭಾಗ. ವಿದೇಶದ ಕರೆಗೂ ಇದಕ್ಕೂ ಸಂಬಂಧವಿಲ್ಲ, ಇದಕ್ಕೆ ಇಂಟರ್ನೆಟ್ಟೇ ಬೇಡ.

ನಮ್ಮ ತೋಟ ಮನೆಯ ಕೆಳಗಿನ ಇಳಿಜಾರಿನಲ್ಲಿದೆ. ಪಂಪ್‌ಶೆಡ್ಡಿನ ಹತ್ತಿರ ಯಾವ ಸಿಮ್ಮಿಗೂ ಸಿಗ್ನಲ್ ಇಲ್ಲ. ಮೊದಲೆಲ್ಲ ಕೂ ಹಾಕಿ ಕರೆಯುತ್ತಿದ್ದೆವು. ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ ಮೋಟರ್ ಸದ್ದಿನಲ್ಲಿ ಕೂ ಕೇಳಿಸುವುದಿಲ್ಲ. ಮೋಟರ್ ಹಾಕಲೋ ನಿಲ್ಲಿಸಲೋ ಎಂದು ಕೇಳಲು ಒಬ್ಬರು ಮೆಟ್ಟಿಲು ಹತ್ತಿ ಇಳಿಯಬೇಕು. ಅಪ್ಪಯ್ಯನ ಮಂಡಿಗೆ ಅದು ಆಗದ ಕೆಲಸ. ತೋಟದ ಕಡೆಗೆ ಮುಖಮಾಡಿದ ಒಂದು ಹೊರಾಂಗಣ ವೈಫೈ ಪೆಟ್ಟಿಗೆ ಮೊದಲೇ ಇತ್ತು, ಕ್ಯಾಮೆರಾಕ್ಕೆಂದು ಹಾಕಿಸಿದ್ದು. ಅದನ್ನೇ ಬಳಸಿಕೊಂಡೆ.

ಮಂಬಲ್ ಎಂಬುದು ಆಟ ಆಡುವವರು ತಮ್ಮಲ್ಲಿ ಮಾತಾಡಿಕೊಳ್ಳಲು ಬಳಸುತ್ತಿದ್ದ ಓಪನ್ ಸೋರ್ಸ್ ತಂತ್ರಾಂಶ. ವಿಳಂಬ ಬಹಳ ಕಡಿಮೆ. ಎರಡು ಭಾಗ: ಸರ್ವರ್ ಒಂದು ಕಂಪ್ಯೂಟರಿನಲ್ಲಿ, ಕ್ಲೈಂಟ್ ಪ್ರತಿಯೊಬ್ಬರ ಫೋನಿನಲ್ಲಿ.

ಪರದೆ ಒಡೆದ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಅದಕ್ಕೆ ಮಂಬಲ್ ಸರ್ವರ್ ಹಾಕಿ ಓಡಿಸಿದೆ. ಫೈರ್‌ವಾಲ್ ಅನುಮತಿ ಕೇಳಿದಾಗ "ಪ್ರೈವೇಟ್ ನೆಟ್‌ವರ್ಕ್" ಎಂಬುದಕ್ಕೆ ಹೂಂ ಎನ್ನಿ. ಲ್ಯಾಪ್‌ಟಾಪ್ ಮಲಗದ ಹಾಗೆ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ತೆಗೆಯಿರಿ. ನೆಟ್‌ವರ್ಕ್ ಪ್ರಾಪರ್ಟೀಸ್‌ನಲ್ಲಿ ಅದರ ಐಪಿ ವಿಳಾಸ ನೋಡಿ ಬರೆದುಕೊಳ್ಳಿ, 192.168 ಎಂದು ಶುರುವಾಗುವ ಸಂಖ್ಯೆ. ರೂಟರಿನ ಪುಟಕ್ಕೆ ಹೋಗಿ ಡಿಎಚ್‌ಸಿಪಿ ಎಂಬಲ್ಲಿ ಆ ವಿಳಾಸವನ್ನು ಈ ಲ್ಯಾಪ್‌ಟಾಪಿಗೇ ಮೀಸಲಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ವಿಳಾಸ ಬದಲಾಗಿ ಎಲ್ಲ ನಿಂತುಹೋಗುತ್ತದೆ.

ಆಂಡ್ರಾಯ್ಡ್ ಫೋನಿಗೆ ಮಮ್ಲಾ ಎಂಬ ಕ್ಲೈಂಟ್ ಇದೆ, ಎಫ್-ಡ್ರಾಯ್ಡ್ ಎಂಬ ಆಪ್ ಭಂಡಾರದಲ್ಲಿ ಬಿಟ್ಟಿ ಸಿಗುತ್ತದೆ. ಅದರಲ್ಲಿ ಹೊಸ ಸರ್ವರ್ ಸೇರಿಸಿ, ವಿಳಾಸದ ಜಾಗದಲ್ಲಿ ಲ್ಯಾಪ್‌ಟಾಪಿನ ಐಪಿ, ಪೋರ್ಟ್ 64738, ಹೆಸರಿನ ಜಾಗದಲ್ಲಿ "ತೋಟ" ಅಥವಾ "ಮನೆ". ಮೊದಲ ಸಲ ಸರ್ಟಿಫಿಕೇಟ್ ಬಗ್ಗೆ ಎಚ್ಚರಿಕೆ ಬರುತ್ತದೆ, ಅದು ನಿಮ್ಮದೇ ಲ್ಯಾಪ್‌ಟಾಪ್ ತಾನೇ ಬರೆದುಕೊಂಡ ಸರ್ಟಿಫಿಕೇಟ್, ಒಪ್ಪಿಕೊಳ್ಳಿ. ಸೆಟ್ಟಿಂಗಿನಲ್ಲಿ "ಪುಶ್ ಟು ಟಾಕ್" ಆರಿಸಿದರೆ ಗುಂಡಿ ಒತ್ತಿದಾಗ ಮಾತ್ರ ಮಾತು ಹೋಗುತ್ತದೆ, ಪೊಲೀಸರ ವಾಕಿಟಾಕಿಯ ಹಾಗೆ. ಇಲ್ಲದಿದ್ದರೆ ಅಡುಗೆಮನೆಯ ಕುಕ್ಕರ್ ಸೀಟಿ ಇಡೀ ದಿನ ತೋಟಕ್ಕೆ ಪ್ರಸಾರವಾಗುತ್ತದೆ.

ಹೊರಗಿನ ಫೈಬರ್ ತುಂಡಾದರೂ ಇದು ನಡೆಯುತ್ತದೆ, ಮಾತು ಮನೆಯ ವೈಫೈ ದಾಟಿ ಹೊರಗೆ ಹೋಗುವುದೇ ಇಲ್ಲ. ಹೋದ ಜುಲೈನಲ್ಲಿ ಮರ ಬಿದ್ದು ಮೂರು ದಿನ ಇಂಟರ್ನೆಟ್ ಇರಲಿಲ್ಲ. "ಮೋಟರ್ ನಿಲ್ಸು, ಪೈಪ್ ಬಿಟ್ಕೊಂಡಿದೆ" ಎಂದು ಅಪ್ಪಯ್ಯ ಕೆಳಗಿನಿಂದ ಹೇಳಿದ್ದು ಜಗಲಿಯಲ್ಲಿ ಗಟ್ಟಿಯಾಗಿ ಕೇಳಿಸಿತು.

ಹೊರ ಊರಿನಿಂದ ಈ ಸರ್ವರಿಗೆ ಬರಬೇಕು ಎಂದರೆ ಸ್ವಲ್ಪ ಕಷ್ಟ. ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬಂದದ್ದನ್ನು ಮನೆಯೊಳಗಿನ ಕಂಪ್ಯೂಟರಿಗೆ ದಾಟಿಸಲು ರೂಟರಿಗೆ ಹೇಳಿ ಎಂದು ಎಲ್ಲೆಡೆ ಬರೆದಿರುತ್ತಾರೆ. ನಮ್ಮಲ್ಲಿ ಬಹಳ ಕಡೆ ಅದು ನಡೆಯುವುದಿಲ್ಲ. ಎಷ್ಟೋ ಮನೆಗಳಿಗೆ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸ ಹಂಚಿರುತ್ತವೆ. ರೂಟರಿನ ಪುಟದಲ್ಲಿ "ವ್ಯಾನ್ ಐಪಿ", ಅಂದರೆ ರೂಟರಿನ ಹೊರಗಡೆಯ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮ್ಮದೂ ಹಂಚಿಕೆಯ ವಿಳಾಸವೇ, ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಅದರ ಬದಲು ಟೇಲ್‌ಸ್ಕೇಲ್ ಎಂಬುದನ್ನು ಲ್ಯಾಪ್‌ಟಾಪಿಗೂ ಫೋನಿಗೂ ಹಾಕಿ ಒಂದೇ ಖಾತೆಯಿಂದ ಲಾಗಿನ್ ಆಗಿ. ಮನೆ ಬಳಕೆಗೆ ಬಿಟ್ಟಿ. ಎರಡೂ ಒಂದೇ ವೈಫೈಯಲ್ಲಿದ್ದ ಹಾಗೆ ಆಗುತ್ತದೆ. ಟೇಲ್‌ಸ್ಕೇಲ್ ಕೊಟ್ಟ ವಿಳಾಸವನ್ನು ಮಮ್ಲಾದಲ್ಲಿ ಹಾಕಿ. ಅದೂ ಒಂದು ಕಂಪನಿಯೇ ಎನ್ನುವುದು ನೆನಪಿರಲಿ, ತೋಟದ ಮಾತಿಗೆ ಅದು ಬೇಕಿಲ್ಲ.

ಇದನ್ನು ಮಾತ್ರ ಮಾಡಬೇಡಿ

ಯೂಟ್ಯೂಬ್‌ನಲ್ಲಿ ಕೆಲವರು ಇನ್ನೂ ಮುಂದೆ ಹೋಗುತ್ತಾರೆ. ಮನೆಯ ಕಂಪ್ಯೂಟರಿಗೆ ಸಿಮ್ ಹಾಕುವ ಪೆಟ್ಟಿಗೆ ಜೋಡಿಸಿ, ವಿದೇಶದಿಂದ ಇಂಟರ್ನೆಟ್‌ನಲ್ಲಿ ಬಂದ ಕರೆಯನ್ನು ಇಲ್ಲಿನ ಮೊಬೈಲ್ ನಂಬರಿಗೆ ದಾಟಿಸಿ, ಐಎಸ್‌ಡಿ ದುಡ್ಡು ಉಳಿಸಿ ಎನ್ನುತ್ತಾರೆ. ಭಾರತದಲ್ಲಿ ಪರವಾನಗಿ ಇಲ್ಲದೆ ಇದು ಅಪರಾಧ. ಬೆಂಗಳೂರಿನಲ್ಲೇ ಇಂಥ ಸಿಮ್‌ಬಾಕ್ಸ್ ಅಡ್ಡೆಗಳ ಮೇಲೆ ಪೊಲೀಸರು ದಾಳಿ ಮಾಡಿದ್ದಾರೆ. ಮೇಲೆ ನಾನು ಹೇಳಿದ್ದೆಲ್ಲ ಇಂಟರ್ನೆಟ್‌ನಿಂದ ಇಂಟರ್ನೆಟ್‌ಗೆ, ಆಪ್‌ನಿಂದ ಆಪ್‌ಗೆ. ಅದಕ್ಕೆ ತೊಂದರೆಯಿಲ್ಲ. ಸಿಮ್ಮಿನ ಜಾಲಕ್ಕೆ ನೀವೇ ಸೇತುವೆ ಕಟ್ಟಲು ಹೋಗಬೇಡಿ.

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ದುಬೈ, ಅಬುಧಾಬಿಯ ತಲೆನೋವು ಬೇರೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಒಪ್ಪಿಗೆ ಇರುವ ಬೋಟಿಮ್‌ನಂಥ ಆಪ್‌ಗಳಲ್ಲೇ ಮಾತಾಡಬೇಕು. ವಿಪಿಎನ್ (ಬೇರೆ ದೇಶದಲ್ಲಿ ಕೂತು ಬಳಸಿದ ಹಾಗೆ ತೋರಿಸುವ ಆಪ್) ಹಾಕಿಕೊಂಡು ದಾಟುವ ಉಪಾಯವನ್ನು ಊರಿನಲ್ಲಿ ಕೂತು ಹೇಳಿಕೊಡುವುದು ಸುಲಭ, ದಂಡ ಬೀಳುವುದು ಅಲ್ಲಿರುವ ಮಗನಿಗೆ. ಹಾಗಾಗಿ ಮನೆಯಲ್ಲಿ ಅಮ್ಮನ ಫೋನಿಗೆ ಬೋಟಿಮ್ ಹಾಕಿಕೊಡಿ.

ಇನ್ನೊಂದು: ಜಿಟ್ಸಿ, ಲಿನ್‌ಫೋನ್, ಮಂಬಲ್ ಯಾವುದರಿಂದಲೂ 112ಕ್ಕೆ ಕರೆ ಹೋಗುವುದಿಲ್ಲ. ಸಿಮ್ಮಿಗೆ ರೀಚಾರ್ಜ್ ಇರಲಿ.

ಕರೆಂಟ್ ಹೋದಾಗ

ಇಷ್ಟೆಲ್ಲ ಮಾಡಿ ಕರೆಂಟ್ ಹೋದ ತಕ್ಷಣ ರೂಟರ್ ಆರಿದರೆ ಎಲ್ಲವೂ ದಂಡ. ರೂಟರಿಗೆಂದೇ ಸಣ್ಣ ಯುಪಿಎಸ್ ಬರುತ್ತದೆ, ಅಂಗೈಯಷ್ಟು ದೊಡ್ಡದು. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. ಹೆಚ್ಚಿನವು 12 ವೋಲ್ಟ್, ಆದರೆ 9 ವೋಲ್ಟಿನವೂ ಇವೆ. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರಬೇಕು. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ನಾನು ಒಂದಕ್ಕೇ ತಂದು, ಕತ್ತಲೆಯಲ್ಲಿ ಕೂತು, ವೈಫೈ ಇದೆ ಇಂಟರ್ನೆಟ್ ಇಲ್ಲ ಎಂದು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ.

ಕೊನೆಗೆ ಒಂದು ರಟ್ಟಿನ ಚೂರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಮ್ಮನ ಕ್ಯಾಲೆಂಡರಿನ ಪಕ್ಕ ತೂಗುಹಾಕಿದೆ. ಒಂದು, ಮಾಮೂಲಿ ಆಪ್. ಎರಡು, ಅದು ಆಗದಿದ್ದರೆ ಕಿತ್ತಳೆ ಬಣ್ಣದ ಲಿನ್‌ಫೋನ್. ಮೂರು, ಅದೂ ಆಗದಿದ್ದರೆ ಮುಖಪುಟದ ಜಿಟ್ಸಿ ಗುಂಡಿ ಒತ್ತಿ ಹತ್ತು ನಿಮಿಷ ಕಾಯುವುದು. ಅಕ್ಕನ ಫ್ರಿಜ್ಜಿನ ಮೇಲೂ ಇದೇ ಚೀಟಿ ಇದೆ. ತಿಂಗಳ ಮೊದಲ ಭಾನುವಾರ ಬೇಕಂತಲೇ ಎರಡನೇ ದಾರಿಯಲ್ಲೇ ಮಾತಾಡುತ್ತಾರೆ, ಮರೆತುಹೋಗಬಾರದು ಅಂತ. ಹೋದ ತಿಂಗಳು ಅಮ್ಮ ನನ್ನನ್ನು ಕರೆಯದೆ ತಾವೇ ಲಿನ್‌ಫೋನ್ ತೆರೆದು ರಿಂಗ್ ಮಾಡಿದ್ದರು. ಅಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ.